ಇಲ್ಲದ ಸೊನ್ನೆ: ಒಂದು ಓದಿನ ತಿದ್ದುಪಡಿ, ಚಿತ್ರ ತಂತ್ರಾಂಶಗಳ ಬಗ್ಗೆ ಒಂದು ತಕರಾರು

ಹೋದ ವರ್ಷ ತುಮಕೂರು ಕಡೆಯ ಒಂದು ಕೆರೆ ಏರಿಯ ಮೇಲಿರುವ ತುಂಡು ಶಾಸನದ ಬಗ್ಗೆ ನಾನೊಂದು ಟಿಪ್ಪಣಿ ಬರೆದಿದ್ದೆ. ಅದರ ಎರಡನೆಯ ಸಾಲಿನಲ್ಲಿ ‘ಗವುಂಡ’ ಎಂದು ಓದಿದ್ದೆ. ಆ ಓದನ್ನು ಇವತ್ತು ಹಿಂತೆಗೆದುಕೊಳ್ಳುತ್ತಿದ್ದೇನೆ. ಅಲ್ಲಿ ಸೊನ್ನೆ ಇಲ್ಲ. ಕಲ್ಲಿನ ಮೇಲಿರುವುದು ‘ಗವುಡ’ ಅಷ್ಟೇ.

ಒಂದು ಸೊನ್ನೆಗೆ ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ಗಾಮುಂಡ, ಗಾವುಂಡ, ಗವುಂಡ, ಗವುಡ, ಗೌಡ: ಈ ಪದ ಸವೆದುಕೊಂಡು ಬಂದ ದಾರಿ ಶಾಸನಾಸಕ್ತರಿಗೆಲ್ಲ ಗೊತ್ತು. ಅನುನಾಸಿಕ ಉಳಿಸಿಕೊಂಡ ರೂಪ ಹಳೆಯದು, ಕಳೆದುಕೊಂಡದ್ದು ಈಚಿನದು. ಬರಿ ಒಂದು ಪದರೂಪದಿಂದ ಕಾಲ ಹೇಳಬಾರದು ಅನ್ನೋದೂ ಗೊತ್ತು. ಆದರೆ ಈ ಕಲ್ಲು ಬಹಳ ಸವೆದಿದೆ, ತೇದಿಯ ಭಾಗ ಒಡೆದು ಹೋಗಿದೆ. ಲಿಪಿ ನೋಡಿದರೆ ಹೊಯ್ಸಳರ ಕೊನೆಗಾಲವೂ ಇರಬಹುದು, ವಿಜಯನಗರದ ಕಾಲವೂ ಇರಬಹುದು ಅನ್ನೋ ಹಾಗಿತ್ತು. ಹೀಗೆ ತೂಗುತ್ತಿದ್ದ ತಕ್ಕಡಿಯಲ್ಲಿ ನಾನು ಆ ಸೊನ್ನೆಯನ್ನು ಇಟ್ಟೆ. ತಕ್ಕಡಿ ಹೊಯ್ಸಳರ ಕಡೆಗೆ ವಾಲಿತು. ಇಬ್ಬರು ಗೆಳೆಯರು ಅದನ್ನೇ ನಂಬಿ ಆ ಊರಿನ ಕೆರೆ ಅಷ್ಟು ಹಳೆಯದು ಅಂತ ಬರೆದರು. ಅವರ ತಪ್ಪೇನಿಲ್ಲ. ತಪ್ಪು ನನ್ನದು, ಮತ್ತು ನಾನೇ ಬರೆದ ಒಂದು ಪುಟ್ಟ ಪ್ರೋಗ್ರಾಮ್‌ನದು.

ಆ ತಪ್ಪು ಹೇಗಾಯಿತು ಅಂತ ಬಿಡಿಸಿ ಹೇಳುವುದಕ್ಕೆ ಈ ಬರಹ. ನನ್ನದು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ, ಶಾಸನ ಓದೋದು ಭಾನುವಾರದ ಹುಚ್ಚು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಇದೇ ಮೊದಲು.

ಅಜ್ಜಿಯ ಬೊಟ್ಟು

ಆ ಕಲ್ಲಿಗೆ ಪೂಜೆ ನಡೆಯುತ್ತದೆ. ಮೈತುಂಬಾ ಅರಿಶಿನ, ಕುಂಕುಮ. ಬಣ್ಣದ ಫೋಟೋದಲ್ಲಿ ಅಕ್ಷರಕ್ಕಿಂತ ಅರಿಶಿನವೇ ಕಣ್ಣಿಗೆ ಹೊಡೆಯುತ್ತಿತ್ತು. ಆ ಗದ್ದಲ ಬೇಡ ಅಂತ ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಹೆಚ್ಚಿಸುವ ಪ್ರೋಗ್ರಾಮ್ ಬರೆದುಕೊಂಡಿದ್ದೆ. ಮೊದಲು ಲ್ಯಾಪ್‌ಟಾಪ್‌ನಲ್ಲಿ, ಪೈಥಾನ್‌ನಲ್ಲಿ ಬರೆದದ್ದು. ಕಲ್ಲಿನ ಮುಂದೆ ನಿಂತೇ ಬಳಸೋಣ ಅಂತ ಆಮೇಲೆ ಅದನ್ನೇ ಆಂಡ್ರಾಯ್ಡ್ ಫೋನಿಗೂ ತಂದೆ. ಲೆಕ್ಕಾಚಾರ ಅದೇ, ಫೋಟೋ ಅದೇ. ಆದರೂ ಎರಡು ಕಡೆ ಎರಡು ಫಲಿತಾಂಶ. ಲ್ಯಾಪ್‌ಟಾಪ್‌ನ ಚಿತ್ರದಲ್ಲಿ ‘ವು’ ಮತ್ತು ‘ಡ’ ನಡುವೆ ಏನೂ ಇಲ್ಲ. ಫೋನಿನ ಚಿತ್ರದಲ್ಲಿ ಅಲ್ಲೊಂದು ಕಪ್ಪು ಚುಕ್ಕೆ, ಸೊನ್ನೆ ಇರಬೇಕಾದ ಜಾಗದಲ್ಲೇ, ಅಕ್ಷರದ ಗೀರುಗಳಷ್ಟೇ ಗಾಢವಾಗಿ.

ಆಗ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ: ಎರಡೂ ಬೇರೆ ಬೇರೆ ಯಾಕೆ ಬಂತು? ಅದನ್ನು ಕೇಳಲಿಲ್ಲ. ಫೋನಿನದರಲ್ಲಿ ಹೆಚ್ಚು ಕಾಣುತ್ತಿದೆ, ಹಾಗಾಗಿ ಅದೇ ಚೆನ್ನಾಗಿದೆ ಅಂದುಕೊಂಡೆ. ಮೂಲ ಬಣ್ಣದ ಫೋಟೋ ಅದೇ ಫೋಲ್ಡರ್‌ನಲ್ಲಿತ್ತು, ಮತ್ತೆ ತೆರೆದು ನೋಡಲೂ ಇಲ್ಲ.

ಈ ಸಲ ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ ಮತ್ತೆ ಹೋದೆ. ಕಲ್ಲು ತೊಳೆದ ಹಾಗಿತ್ತು. ಸೊನ್ನೆ ಇದ್ದ ಜಾಗದಲ್ಲಿ ಬೆರಳಾಡಿಸಿದರೆ ನುಣ್ಣಗೆ. ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯನ್ನು ಕೇಳಿದೆ, “ಅಜ್ಜಿ, ಇಲ್ಲೊಂದು ಗುಂಡಿ ಥರ ಇತ್ತಲ್ಲ, ಏನಾಯ್ತು?”

“ಗುಂಡಿ ಎಂಥದ್ದಪ್ಪ? ನಾನು ಶುಕ್ರವಾರ ಶುಕ್ರವಾರ ಬೊಟ್ಟು ಇಕ್ಕೋ ಜಾಗ ಅದು. ಮಳೆಗೆ ತೊಳ್ಕೊಂಡು ಹೋಗೈತೆ. ನಾಳೆ ಮತ್ತೆ ಇಕ್ತೀನಿ ಬಿಡು.”

ನಾನು ಹೊಯ್ಸಳರ ಕಾಲಕ್ಕೆ ಒಯ್ದಿದ್ದ ಅನುಸ್ವಾರ ಅಜ್ಜಿಯ ಬೆರಳಿನ ಗುರುತಾಗಿತ್ತು. ಹಾಗಂತ ಬೊಟ್ಟು ಇಡಬೇಡಿ ಅನ್ನೋದಕ್ಕೆ ನಾನ್ಯಾರು? ಏರಿಯ ಮೇಲಿನ ಆ ಕಲ್ಲು ಯಾರದೋ ಮನೆಯ ಪಾಯಕ್ಕೆ ಹೋಗದೆ ಇಷ್ಟು ವರ್ಷ ಉಳಿದಿರುವುದೇ ಆ ಬೊಟ್ಟಿನಿಂದ.

ಬೂದು ಕಲ್ಲು ಮುಚ್ಚಿಟ್ಟ ತಪ್ಪು

ಮನೆಗೆ ಬಂದು ಪ್ರೋಗ್ರಾಮ್ ತೆರೆದು ಕೂತೆ. ಕಾರಣ ಸಿಗಲು ಹತ್ತು ನಿಮಿಷ ಸಾಕಾಯಿತು.

ಡಿಜಿಟಲ್ ಚಿತ್ರದ ಪ್ರತಿ ಚುಕ್ಕೆಯಲ್ಲೂ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ: ಕೆಂಪು, ಹಸಿರು, ನೀಲಿ, ತಲಾ 0ಯಿಂದ 255ರವರೆಗೆ. ಯಾವುದು ಮೊದಲು ಅನ್ನೋದು ಒಪ್ಪಂದದ ಮಾತು. ಪೈಥಾನ್‌ನ ಪಿಲ್ಲೋ ಲೈಬ್ರರಿ ಕೆಂಪು-ಹಸಿರು-ನೀಲಿ ಕ್ರಮದಲ್ಲಿ ಕೊಡುತ್ತದೆ. ಓಪನ್‌ಸಿವಿ ಫೈಲನ್ನು ಓದಿದಾಗ ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಕೊಡುತ್ತದೆ. ಹಾಗೆಂದು ಅದರ ದಾಖಲೆಯಲ್ಲೇ ಬರೆದಿದೆ, ನಾನು ಓದಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದು ಬಳಸಿದ್ದೆ, ಫೋನಿನಲ್ಲಿ ಎರಡನೆಯದು.

ಈಗ ಲೆಕ್ಕ ನೋಡಿ. ಬಣ್ಣವನ್ನು ಬೂದು ಮಾಡುವಾಗ ಮೂರಕ್ಕೂ ಸಮಪಾಲು ಇಲ್ಲ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುತ್ತದೆ, ನೀಲಿ ಕಡಿಮೆ. ಹಾಗಾಗಿ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲು ಸೇರಿಸುವುದು ರೂಢಿ. ಮಾಸಿದ ಕುಂಕುಮದ ಒಂದು ಚುಕ್ಕೆಯಲ್ಲಿ ಕೆಂಪು 180, ಹಸಿರು 60, ನೀಲಿ 40 ಅಂತಿಟ್ಟುಕೊಳ್ಳಿ. ಸರಿಯಾಗಿ ಕೂಡಿದರೆ ಸುಮಾರು 94. ಕೆಂಪು-ನೀಲಿ ಅದಲುಬದಲಾದರೆ 68. ಪಕ್ಕದ ಬೂದು ಕಲ್ಲಿನಲ್ಲಿ ಮೂರೂ 90. ಅದನ್ನು ಹೇಗೆ ಕೂಡಿದರೂ 90. ಸರಿಯಾದ ಲೆಕ್ಕದಲ್ಲಿ ಕುಂಕುಮ ಕಲ್ಲಿನೊಳಗೆ ಕರಗಿ ಮಾಯವಾಗುತ್ತದೆ, 94 ಮತ್ತು 90ರ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ತಪ್ಪು ಲೆಕ್ಕದಲ್ಲಿ ಅದೇ ಕುಂಕುಮ ಕಪ್ಪಾಗಿ, ಉಳಿ ಕೊರೆದ ಗೀರಿನ ನೆರಳಿನಂತೆ ಎದ್ದು ಕಾಣುತ್ತದೆ. ಬೇರೆ ಕಡೆ ಮೂಡಿದ್ದ ಇಂಥವೇ ಕಪ್ಪು ಕಲೆಗಳನ್ನು ಚಕ್ಕೆ ಎದ್ದದ್ದು ಅಂತ ಬಿಟ್ಟಿದ್ದೆ. ಸರಿಯಾದ ಜಾಗದಲ್ಲಿ ಬಿದ್ದದ್ದನ್ನು ಮಾತ್ರ ಅಕ್ಷರ ಅಂದೆ.

ಇದೇ ತಪ್ಪು ಮದುವೆ ಫೋಟೋದಲ್ಲಿ ಆಗಿದ್ದರೆ ಮದುಮಗಳ ಮುಖ ನೀಲಿಯಾಗಿ, ಮನೆಮಂದಿಯೆಲ್ಲ ನಗುತ್ತಿದ್ದರು. ನಮ್ಮ ವಸ್ತು ಬೂದು ಕಲ್ಲು. ಕೆಂಪು-ನೀಲಿ ಅದಲುಬದಲಾದರೂ ಕಲ್ಲು ಕಲ್ಲಾಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಬದಲಾಗುವುದು ಕುಂಕುಮ, ಅರಿಶಿನ, ಕೆಮ್ಮಣ್ಣು, ಕಲ್ಲುಹೂವು. ಅಂದರೆ ಶಾಸನ ಕೆತ್ತಿದವನಿಗೆ ಸಂಬಂಧವೇ ಇಲ್ಲದ, ಆಮೇಲೆ ಬಂದು ಕೂತ ಪದಾರ್ಥಗಳು.

ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅದನ್ನು ಎಡದಿಂದ ಓದಲು ಹೋದರೆ ಅರ್ಥ ಕೆಡುತ್ತದೆ. ಕೆಟ್ಟ ಅರ್ಥವೇ ಓದುಗನನ್ನು ಎಚ್ಚರಿಸುತ್ತದೆ. ಬೂದು ಚಿತ್ರದಲ್ಲಿ ಆ ಎಚ್ಚರಿಕೆ ಇಲ್ಲ. ಹಿಂದುಮುಂದಾಗಿ ಓದಿದರೂ ಅರ್ಥವಿರುವಂತೆಯೇ ಕಾಣುತ್ತದೆ.

ಹೆಸರೊಂದು, ಇರುವುದಿನ್ನೊಂದು

ನನ್ನ ತಪ್ಪು ನನ್ನದೇ. ಆದರೆ ಒಂದೇ ಪ್ರೋಗ್ರಾಮ್ ನಾಲ್ಕು ವ್ಯವಸ್ಥೆಗಳಲ್ಲಿ ಓಡಬೇಕಾದ ಈ ಕಾಲದಲ್ಲಿ ಚಿತ್ರಗಳ ಒಪ್ಪಂದಗಳು ಎಷ್ಟು ಗೋಜಲಾಗಿವೆ ಅನ್ನೋದನ್ನೂ ಹೇಳಲೇಬೇಕು.

ಆಂಡ್ರಾಯ್ಡ್‌ನಲ್ಲಿ ಒಂದು ಚಿತ್ರಮಾದರಿಯ ಹೆಸರು ‘ಎಆರ್‌ಜಿಬಿ 8888’. ಹೆಸರು ನಂಬಿದರೆ ಮೊದಲು ಪಾರದರ್ಶಕತೆ, ಆಮೇಲೆ ಕೆಂಪು, ಹಸಿರು, ನೀಲಿ. ಫೋನಿನ ಮೆಮೊರಿಯಲ್ಲಿ ಇರುವುದು ಕೆಂಪು, ಹಸಿರು, ನೀಲಿ, ಕೊನೆಗೆ ಪಾರದರ್ಶಕತೆ. ಕ್ಯೂಟಿಯಲ್ಲಿ ‘ಎಆರ್‌ಜಿಬಿ 32’ ಎಂದರೆ ಅದು 32 ಬಿಟ್‌ನ ಪೂರ್ಣ ಸಂಖ್ಯೆಯ ಕ್ರಮ. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳ ಮೆಮೊರಿಯಲ್ಲಿ ಬೈಟ್‌ಗಳು ತಿರುವುಮುರುವಾಗಿ ಕೂತು ನೀಲಿ ಮೊದಲು ಬರುತ್ತದೆ. ವಿಂಡೋಸ್‌ನ ಬಿಎಂಪಿ ಫೈಲ್‌ನಲ್ಲೂ ನೀಲಿ ಮೊದಲು, ಸಾಲುಗಳೂ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ. ಪ್ರತಿಯೊಂದಕ್ಕೂ ಅದರದೇ ಇತಿಹಾಸವಿದೆ, ಪ್ರತಿಯೊಂದೂ ಅದರೊಳಗೆ ಸರಿಯೇ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಯಾವುದೂ “ನನ್ನ ಕ್ರಮ ಇದು, ನಿನ್ನದು ಯಾವುದು?” ಎಂದು ಕೇಳುವುದಿಲ್ಲ. ಮೂರು ಅಂಕಿಗಳ ಸಾಲನ್ನು ಸುಮ್ಮನೆ ಕೈಗೆ ಹಾಕುತ್ತದೆ. ನನ್ನ ದೊಡ್ಡ ತಕರಾರು ಇದೇ: ಅಂಕಿ ದಾಟುತ್ತದೆ, ಅಂಕಿಯ ಅರ್ಥ ದಾಟುವುದಿಲ್ಲ.

ಕ್ರಮ ಸರಿಯಿದ್ದರೂ ಮುಗಿಯಲಿಲ್ಲ. ನಮ್ಮ ಫೋಟೋಗಳು ಬಹುಪಾಲು ಎಸ್‌ಆರ್‌ಜಿಬಿ ಎಂಬ ಅಳತೆಯಲ್ಲಿರುತ್ತವೆ. ಅದರಲ್ಲಿ 128 ಎಂದರೆ 255ರ ಅರ್ಧ ಬೆಳಕು ಅಲ್ಲ, ಸುಮಾರು ಶೇ. 22 ಮಾತ್ರ. ಅರ್ಧ ಬೆಳಕಿಗೆ ಅಂಕಿ 188. ದೊಡ್ಡ ಫೋಟೋವನ್ನು ಚಿಕ್ಕದು ಮಾಡುವಾಗ ಪ್ರೋಗ್ರಾಮ್ ಅಕ್ಕಪಕ್ಕದ ಚುಕ್ಕೆಗಳ ಸರಾಸರಿ ತೆಗೆಯುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋದಲ್ಲಿ ಗೀರಿನ ಒಂದು ಅಂಚು ಬೆಳ್ಳಗೆ, ಇನ್ನೊಂದು ಕಪ್ಪಗೆ. 255 ಮತ್ತು 0 ಎರಡರ ಸರಾಸರಿ 128 ಎಂದು ಬರೆದರೆ ಆ ಜಾಗ ಇರಬೇಕಾದ್ದಕ್ಕಿಂತ ಕಪ್ಪಾಗುತ್ತದೆ. ಬಹಳಷ್ಟು ತಂತ್ರಾಂಶಗಳು ಹೀಗೇ ಮಾಡುತ್ತವೆ. ದಪ್ಪ ಅಕ್ಷರಕ್ಕೆ ಇದರಿಂದ ಏನೂ ಆಗದು, ಸಣ್ಣ ಗೀರುಗಳ ತೂಕ ಮಾತ್ರ ಬದಲಾಗುತ್ತದೆ.

ಇನ್ನು ಜೆಪೆಗ್. ಅದು ಬೆಳಕನ್ನು ಪೂರ್ತಿ ಇಟ್ಟುಕೊಂಡು ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸುತ್ತದೆ. ಮುಖ, ಮರ, ಆಕಾಶಕ್ಕೆ ಇದು ಸಾಕು. ಮಸುಕಾದ ಬಣ್ಣದ ವ್ಯತ್ಯಾಸವನ್ನೇ ಹಿಗ್ಗಿಸಿ ಅಕ್ಷರ ಹುಡುಕಲು ಹೊರಟವರಿಗೆ ಸಾಲದು. ಫೋನಿನಿಂದ ಫೋನಿಗೆ ನಾಲ್ಕು ಸಲ ಫಾರ್ವರ್ಡ್ ಆಗಿ ಬಂದ ಫೋಟೋವನ್ನು ಹಿಗ್ಗಿಸಿದರೆ ಕಾಣುವ ಚೌಕಗಳು ಜೆಪೆಗ್ ಹೊಲಿದವು, ಕಲ್ಲಿನವಲ್ಲ.

ತಲೆಕೆಳಗಾದ ಬೆಳಕು

ನೆಲಕ್ಕೆ ಬಿದ್ದ ಕಲ್ಲಿನ ಫೋಟೋ ತೆಗೆಯುವಾಗ ಫೋನನ್ನು ಕೆಳಮುಖವಾಗಿ ಹಿಡಿಯುತ್ತೇವೆ. ಯಾವುದು ಮೇಲು, ಯಾವುದು ಕೆಳಗು ಅಂತ ಪಾಪ ಫೋನಿಗೂ ಗೊತ್ತಾಗುವುದಿಲ್ಲ. ಊಹಿಸಿ ‘ಎಕ್ಸಿಫ್’ ಮಾಹಿತಿಯಲ್ಲಿ ಒಂದು ಅಂಕಿ ಬರೆಯುತ್ತದೆ: 1 ಎಂದರೆ ಇದ್ದಂತೆ ತೋರಿಸು, 3 ಎಂದರೆ ತಲೆಕೆಳಗು ಮಾಡಿ ತೋರಿಸು, ಹೀಗೆ 8ರವರೆಗೆ. ಕೆಲವು ಲೈಬ್ರರಿಗಳು ಆ ಅಂಕಿಯನ್ನು ತಾವೇ ಪಾಲಿಸುತ್ತವೆ. ಪಿಲ್ಲೋದಂಥವು ನಾವು ಹೇಳಿದರೆ ಮಾತ್ರ ಪಾಲಿಸುತ್ತವೆ.

ಪೂರ್ತಿ ಶಾಸನ ತಲೆಕೆಳಗಾದರೆ ಯಾರಿಗಾದರೂ ತಿಳಿಯುತ್ತದೆ. ತೊಂದರೆ ಇರುವುದು ಒಂದೊಂದೇ ಅಕ್ಷರ ಕತ್ತರಿಸಿ ಪಟ್ಟಿ ಮಾಡುವಾಗ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಚಿತ್ರವನ್ನು ತಲೆಕೆಳಗು ಮಾಡಿದರೆ ಕೊರೆದ ಗೀರು ಉಬ್ಬಿದಂತೆ, ಉಬ್ಬು ಕೊರೆದಂತೆ ಕಾಣುತ್ತದೆ. ಸವೆದ ಒಂದು ತುಣುಕಿನಲ್ಲಿ ಇದು ಆದರೆ ಎರಡು ಗೀರಿನ ನಡುವಿನ ಜಾಗವನ್ನೇ ಗೀರು ಅಂತ ಓದುತ್ತೇವೆ. ನನಗೆ ಆಗಿದೆ. ಅದು ಅಚ್ಚಾಗುವ ಮೊದಲೇ ಕಣ್ಣಿಗೆ ಬಿತ್ತು ಅನ್ನೋದಷ್ಟೇ ಸಮಾಧಾನ.

ಕಾಗದದ ಅಚ್ಚಿಗಿದ್ದ ಶಿಸ್ತು

ಹಳೆಯವರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುತ್ತಿದ್ದರು. ಈಗಲೂ ತೆಗೆಯುವವರಿದ್ದಾರೆ. ಅಚ್ಚಿನಲ್ಲಿ ಮಸಿ ತಾಗಿದ್ದು ಮೇಲ್ಮೈ, ಬೆಳ್ಳಗೆ ಉಳಿದದ್ದು ಗೀರು. ನೋಡಿದವರಿಗೆಲ್ಲ ಒಂದೇ ಅರ್ಥ. ಕಲ್ಲನ್ನು ಮೊದಲು ಉಜ್ಜಿ ತೊಳೆಯಲೇಬೇಕು, ಹಾಗಾಗಿ ಕುಂಕುಮ ಅಲ್ಲಿ ಉಳಿಯುವುದಿಲ್ಲ. ಉಳಿದರೂ ಅದಕ್ಕೆ ಆಳವಿಲ್ಲ, ಆದ್ದರಿಂದ ಅಚ್ಚಿನಲ್ಲಿ ಗೀರಾಗುವುದಿಲ್ಲ. ಅಚ್ಚು ಆಳವನ್ನು ಹಿಡಿಯುತ್ತದೆ, ಫೋಟೋ ಹಿಡಿಯುವುದು ಬಣ್ಣ ಮತ್ತು ನೆರಳನ್ನು. ನೆರಳನ್ನು ಆಳವೆಂದು ತಿಳಿಯುವುದು ನಮ್ಮ ಊಹೆ. ಇಷ್ಟು ಮೂಲಭೂತ ವ್ಯತ್ಯಾಸವನ್ನು ನಾವು ಫೋನ್ ಬಂದ ಮೇಲೆ ಮರೆತಿದ್ದೇವೆ.

ಅಕ್ಷರಗಳಿಗೆ ಸುಣ್ಣ, ಸೀಮೆಸುಣ್ಣ ತುಂಬಿ ಫೋಟೋ ತೆಗೆಯುವವರನ್ನು ಕಂಡರೆ ನಾವೆಲ್ಲ ಬೈಯುತ್ತೇವೆ. ಕಲ್ಲಿಗೆ ಹಾನಿ ಅನ್ನೋದು ಒಂದು ಕಾರಣ. ತನ್ನ ಓದನ್ನು ಕಲ್ಲಿನ ಮೇಲೆ ಬರೆದು, ಅದನ್ನೇ ಸಾಕ್ಷಿ ಅಂತ ತೋರಿಸುತ್ತಾರೆ ಅನ್ನೋದು ಇನ್ನೊಂದು. ನಾನು ಕಲ್ಲನ್ನು ಮುಟ್ಟದೆ ಎರಡನೆಯದನ್ನು ಮಾಡಿದೆ.

ಪಾಠ ಮುದ್ರಿಸುವಾಗ ನಮಗೊಂದು ಶಿಸ್ತಿದೆ. ಅಸ್ಪಷ್ಟ ಅಕ್ಷರಕ್ಕೆ ಚೌಕ ಕಂಸ, ನಾವೇ ಊಹಿಸಿ ತುಂಬಿದ್ದಕ್ಕೆ ಕಂಸದ ಜೊತೆ ನಕ್ಷತ್ರ ಚಿಹ್ನೆ. ಕಲ್ಲಿನಲ್ಲಿ ಇದ್ದದ್ದು ಯಾವುದು, ಓದಿದವನು ಸೇರಿಸಿದ್ದು ಯಾವುದು ಎಂದು ನೂರು ವರ್ಷದ ನಂತರವೂ ಬಿಡಿಸಬಹುದು. ಚಿತ್ರಕ್ಕೆ ಇಂಥ ಕಂಸವಿಲ್ಲ. ಹತ್ತು ಹಂತ ತಿದ್ದಿದ ಬೂದು ಚಿತ್ರವೂ ‘ಶಾಸನದ ಛಾಯಾಚಿತ್ರ’ ಎಂಬ ಅಡಿಬರಹ ಹೊತ್ತು ನಿಲ್ಲುತ್ತದೆ. ಈ ದೃಷ್ಟಿಯಿಂದ ಗುಹಾಚಿತ್ರಗಳಿಗಾಗಿ ಜಾನ್ ಹರ್ಮನ್ ರೂಪಿಸಿದ ಡಿಸ್ಟ್ರೆಚ್ ಹೆಚ್ಚು ಪ್ರಾಮಾಣಿಕ. ಅದರ ನೇರಳೆ, ಹಳದಿ, ಹಸಿರು ಬಣ್ಣ ನೋಡಿದ ಕೂಡಲೇ ಇದು ಕಲ್ಲಿನ ನಿಜ ಬಣ್ಣವಲ್ಲ ಎಂದು ಮಗುವಿಗೂ ತಿಳಿಯುತ್ತದೆ. ಸಭ್ಯವಾಗಿ ಕಾಣುವ ಬೂದು ಚಿತ್ರವೇ ಹೆಚ್ಚು ಮೋಸ ಮಾಡುವುದು.

“ಅನುಮಾನವಿದ್ದರೆ ಕಲ್ಲನ್ನೇ ಹೋಗಿ ನೋಡಿ” ಎನ್ನಬಹುದು. ಸರಿ. ಆದರೆ ರಸ್ತೆ ಅಗಲವಾಗುವಾಗ, ಹೊಲ ಲೇಔಟ್ ಆಗುವಾಗ ಎಷ್ಟು ಕಲ್ಲುಗಳು ಹೋಗುತ್ತವೆ ಎಂದು ಇಲ್ಲಿ ಓದುವವರಿಗೆ ಹೇಳಬೇಕಿಲ್ಲ. ಆಮೇಲೆ ಉಳಿಯುವ ಏಕೈಕ ಸಾಕ್ಷಿ ನಮ್ಮ ಫೋಲ್ಡರ್‌ನಲ್ಲಿರುವ ಫೋಟೋ. ಮಳೆ ಬರದೆ, ಅಜ್ಜಿ ಸಿಗದೆ, ಮಧ್ಯೆ ಆ ಕಲ್ಲೇ ಕಾಣೆಯಾಗಿದ್ದರೆ ನನ್ನ ಸೊನ್ನೆ ಶಾಶ್ವತವಾಗಿ ಉಳಿಯುತ್ತಿತ್ತು.

ನಾನು ಈಗ ಪಾಲಿಸುತ್ತಿರುವುದು

ಮೊದಲನೆಯದು ಒಂದು ಪರೀಕ್ಷಾ ಚಿತ್ರ. ಅಚ್ಚ ಕೆಂಪು, ಅಚ್ಚ ಹಸಿರು, ಅಚ್ಚ ನೀಲಿ ಮೂರು ಪಟ್ಟಿ, ಮೂಲೆಯಲ್ಲಿ ‘ಮೇಲೆ’ ಎಂಬ ಪದ. ಯಾವ ಹೊಸ ಪ್ರೋಗ್ರಾಮ್ ಬಂದರೂ, ಹಳೆಯದನ್ನು ಹೊಸ ಯಂತ್ರಕ್ಕೆ ತಂದರೂ ಮೊದಲು ಇದನ್ನು ತೂರಿಸುತ್ತೇನೆ. ಮೇಲೆ ಹೇಳಿದ ಲೆಕ್ಕದಲ್ಲಿ ಬೂದು ಮಾಡಿದಾಗ ಕೆಂಪು 76, ಹಸಿರು 150, ನೀಲಿ 29 ಬರಬೇಕು. ಕೆಂಪಿಗೆ 29 ಬಂದರೆ ಕ್ರಮ ತಿರುಗಿದೆ. ‘ಮೇಲೆ’ ಕೆಳಗಿದ್ದರೆ ಎಕ್ಸಿಫ್ ಎಲ್ಲೋ ಬಿದ್ದುಹೋಗಿದೆ. ಎರಡು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಎರಡನೆಯದು, ತಿದ್ದಿದ ಚಿತ್ರವನ್ನು ಒಂಟಿಯಾಗಿ ಹಾಕುವುದಿಲ್ಲ. ಪಕ್ಕದಲ್ಲೇ ಮೂಲ ಬಣ್ಣದ ಚಿತ್ರ, ಕೆಳಗೆ ಮಾಡಿದ ಹಂತಗಳ ಎರಡು ಸಾಲು. ಕ್ಯಾಮೆರಾದ ಮೂಲ ಫೈಲ್ ಬೇರೆಯೇ, ಯಾರೂ ಮುಟ್ಟದ ಹಾಗೆ.

ಮೂರನೆಯದು, ಒಂದು ಗೀರು ಒಂದೇ ಚಿತ್ರದಲ್ಲಿ ಕಂಡರೆ ಅದು ಗೀರಲ್ಲ, ಪ್ರಶ್ನೆ. ಟಾರ್ಚನ್ನು ನಾಲ್ಕು ದಿಕ್ಕಿನಿಂದ ಹಿಡಿದು ನಾಲ್ಕು ಫೋಟೋ ತೆಗೆಯುತ್ತೇನೆ. ನಿಜವಾದ ಗೀರಿನ ನೆರಳು ಬೆಳಕಿನ ಜೊತೆ ಜಾಗ ಬದಲಿಸುತ್ತದೆ, ಕುಂಕುಮ ಇದ್ದಲ್ಲೇ ಇರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮಾಡುತ್ತಿರುವಂತೆ ಮೂರು ಆಯಾಮದ ಸ್ಕ್ಯಾನ್ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ಬಣ್ಣವನ್ನು ತೆಗೆದುಹಾಕಿ ಬರಿಯ ಆಳವನ್ನೇ ನೋಡಬಹುದು. ನಮ್ಮಂಥ ಭಾನುವಾರದವರಿಗೆ ನೂರೈವತ್ತು ರೂಪಾಯಿಯ ಟಾರ್ಚ್ ಸದ್ಯಕ್ಕೆ ಸಾಕು.

ತಿದ್ದಿದ ಪಾಠ: ಎರಡನೆಯ ಸಾಲಿನಲ್ಲಿ ‘ಗವು[ಡ]’. ‘ಡ’ದ ಬಲಭಾಗ ಒಡೆದಿರುವುದರಿಂದ ಅದನ್ನು ಚೌಕ ಕಂಸದಲ್ಲಿ ಇಟ್ಟಿದ್ದೇನೆ. ಹೊಯ್ಸಳರ ಕಾಲ ಎಂದು ಹೇಳಿದ್ದಕ್ಕೆ ಆಧಾರ ಉಳಿದಿಲ್ಲ. ಹಾಗಂತ ವಿಜಯನಗರದ್ದು ಎಂದೂ ನಾನು ಹೇಳುತ್ತಿಲ್ಲ. ನನ್ನ ಟಿಪ್ಪಣಿಯನ್ನು ನಂಬಿ ಬರೆದ ಇಬ್ಬರು ಗೆಳೆಯರಿಗೂ ತಿಳಿಸಿದ್ದೇನೆ. ನಾಲ್ಕು ದಿಕ್ಕಿನ ಫೋಟೋಗಳನ್ನು ಮೂಲ ರೂಪದಲ್ಲೇ ಇಟ್ಟಿದ್ದೇನೆ, ಬೇಕಾದವರು ಕೇಳಿ ಪಡೆಯಬಹುದು. ಆ ‘ಡ’ವನ್ನು ಬೇರೆ ಅಕ್ಷರವಾಗಿ ಓದಬಲ್ಲವರಿದ್ದರೆ ದಯವಿಟ್ಟು ತಿಳಿಸಿ.